ಕಥೆ ಗೊತ್ತಿದ್ದೇ ನೋಡುವ ಕಲೆ: ಇಟಲಿಯಲ್ಲಿದ್ದು ಒಪೆರಾ, ಬ್ಯಾಲೆ ಸವಿಯುವ ಬಗೆ

ಕಥೆಯನ್ನು ಹಾಡುತ್ತಲೇ ಆಡುವ ನಾಟಕ ಒಪೆರಾ. ಇಟಲಿಯ ಒಪೆರಾ ಮಂದಿರಗಳಲ್ಲಿ ಪ್ರದರ್ಶನಕ್ಕೆ ಮುನ್ನ ಸಿಗುವ ಕಿರುಹೊತ್ತಗೆಯನ್ನು ತೆರೆದರೆ ಆ ಸಂಜೆಯ ಕಥೆ ಮೊದಲಿನಿಂದ ಕೊನೆಯವರೆಗೆ, ಯಾರು ಯಾರ ಕೈಯಲ್ಲಿ ಸಾಯುತ್ತಾರೆ ಎಂಬುದೂ ಸೇರಿದಂತೆ, ಅಚ್ಚಾಗಿರುತ್ತದೆ. ಗುಟ್ಟು ರಟ್ಟಾಯಿತೆಂದು ಅಲ್ಲಿ ಯಾರೂ ಬೇಸರಪಡುವುದಿಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಕರ್ಣ ಸಾಯುತ್ತಾನೆಂಬುದು ತಿಳಿಯದೆ ಕರ್ಣಪರ್ವದ ಆಟಕ್ಕೆ ಹೋದವರು ಯಾರೂ ಇಲ್ಲ. ಇಂದಿನ ಭಾಗವತರು ಆ ಪದ್ಯವನ್ನು ಹೇಗೆ ಎತ್ತಿಕೊಳ್ಳುತ್ತಾರೆ, ಇಂದಿನ ಕರ್ಣ ಯಾವ ಮಾತಿನಲ್ಲಿ ಕಣ್ಣು ತೇವಗೊಳಿಸುತ್ತಾನೆ ಎಂಬುದನ್ನು ನೋಡಲು ನಾವು ಹೋಗುತ್ತೇವೆ. ಒಪೆರಾ ನೋಡಲು ಬೇಕಾದ ಮೊದಲ ಸಿದ್ಧತೆಯೂ ಇದೇ ಆಗಿರುವುದರಿಂದ, ಕನ್ನಡದ ಪ್ರೇಕ್ಷಕನಿಗೆ ಆ ಕಲೆಯ ಬಾಗಿಲು ತಾನು ಅಂದುಕೊಂಡಷ್ಟು ಮುಚ್ಚಿಲ್ಲ.

ಓದಿಗೆಂದೋ ಕೆಲಸಕ್ಕೆಂದೋ ಮಿಲಾನ್, ಟ್ಯೂರಿನ್, ರೋಮ್‌ಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಮಿಲಾನಿನ ಹೆಸರಾಂತ ಒಪೆರಾ ಮಂದಿರವಾದ ಲಾ ಸ್ಕಾಲಾದ ಎದುರು ನಿಂತು ಫೋಟೋ ತೆಗೆಸಿಕೊಂಡು ಮುಂದೆ ನಡೆದುಬಿಡುತ್ತಾರೆ. ಭಾಷೆ ಅರ್ಥವಾಗುವುದಿಲ್ಲ, ಅದು ಹಣವಂತರ ಲೋಕ ಎಂಬ ಎರಡು ಅಳುಕುಗಳು ಅವರನ್ನು ಹೊಸ್ತಿಲಲ್ಲೇ ತಡೆಯುತ್ತವೆ. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಒಳಗೆ ಹೋಗದೆ ಉಳಿಯಲು ಅಷ್ಟು ಸಾಲದು.

ಒಪೆರಾ ಹುಟ್ಟಿದ್ದು ಒಂದು ವಿದ್ವತ್ ಜಿಜ್ಞಾಸೆಯಿಂದ. ಹದಿನಾರನೆಯ ಶತಮಾನದ ಕೊನೆಯಲ್ಲಿ ಫ್ಲಾರೆನ್ಸ್ ನಗರದ ಕೆಲವು ಕವಿಗಳೂ ಸಂಗೀತಗಾರರೂ ಸೇರಿ, ಪ್ರಾಚೀನ ಗ್ರೀಕರ ನಾಟಕಗಳನ್ನು ಹಾಡಿನ ಧಾಟಿಯಲ್ಲೇ ಆಡುತ್ತಿದ್ದಿರಬೇಕೆಂದು ಊಹಿಸಿ, ಮಾತಿನ ಏರಿಳಿತವನ್ನೇ ಹಿಂಬಾಲಿಸುವ ಒಂದು ಗಾಯನಕ್ರಮವನ್ನು ರೂಪಿಸಿದರು. ಯಾಕೊಪೊ ಪೇರಿ ಸಂಯೋಜಿಸಿದ ‘ಎವುರಿದೀಚೆ’ 1600ರಲ್ಲಿ ಅಲ್ಲಿನ ಪಿತ್ತಿ ಅರಮನೆಯಲ್ಲಿ, ಮರಿಯಾ ದೆ ಮೆದಿಚಿ ಮತ್ತು ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯ ಮದುವೆಯ ಸಂಭ್ರಮದಲ್ಲಿ ಪ್ರದರ್ಶನಗೊಂಡಿತು. ಏಳು ವರ್ಷಗಳ ಬಳಿಕ, 1607ರಲ್ಲಿ, ಮಾಂಟುವಾದಲ್ಲಿ ಮೊಂತೆವೆರ್ದಿಯ ‘ಒರ್ಫೇಯೊ’ ಬಂದಿತು. ಆದರೆ ಈ ಕಲೆಯ ನಿಜವಾದ ತಿರುವು 1637ರದು. ಆ ವರ್ಷ ವೆನಿಸ್ಸಿನ ಸಾನ್ ಕಾಸ್ಸಿಯಾನೊ ರಂಗಮಂದಿರ ಟಿಕೆಟ್ ಕೊಂಡವರಿಗೆಲ್ಲ ಒಪೆರಾ ತೋರಿಸತೊಡಗಿತು. ಅರಮನೆಯ ಮದುವೆಮನೆಯಿಂದ ಊರಿನ ಬೀದಿಗೆ ಇಳಿದ ಈ ಕಲೆ ಇಟಲಿಯಲ್ಲಿ ಮತ್ತೆಂದೂ ಪೂರ್ತಿಯಾಗಿ ಅರಮನೆಗೆ ಮರಳಲಿಲ್ಲ.

ಒಪೆರಾದ ಒಡಲನ್ನು ಅರಿಯಲು ಮೂರು ಬಗೆಯ ಗಾಯನವನ್ನು ಗುರುತಿಸಿದರೆ ಸಾಕು. ಕಥೆಯನ್ನು ಮುಂದಕ್ಕೆ ಸಾಗಿಸುವ, ಮಾತಿಗೂ ಹಾಡಿಗೂ ನಡುವೆ ನಿಲ್ಲುವ ಭಾಗವನ್ನು ರೆಚಿತಾತೀವೊ ಎನ್ನುತ್ತಾರೆ. ಕುಮಾರವ್ಯಾಸನ ಷಟ್ಪದಿಯನ್ನು ಗಮಕಿಗಳು ವಾಚಿಸುವಾಗ ರಾಗವಿದ್ದರೂ ಪದದ ಅರ್ಥವೇ ಮುಂದೆ ನಿಲ್ಲುವುದನ್ನು ಬಲ್ಲವರಿಗೆ ಇದು ಕೂಡಲೇ ಪರಿಚಿತವೆನಿಸುತ್ತದೆ. ಎರಡನೆಯದು ಆರಿಯಾ. ಇಲ್ಲಿ ಕಥೆ ನಿಂತುಬಿಡುತ್ತದೆ. ಪಾತ್ರ ಒಂದೇ ಭಾವವನ್ನು ಹಿಡಿದುಕೊಂಡು ಅದೇ ಸಾಲುಗಳಿಗೆ ಮತ್ತೆ ಮತ್ತೆ ಮರಳುತ್ತದೆ. ಕಚೇರಿಯಲ್ಲಿ ಒಂದೇ ಸಾಲಿಗೆ ನೆರವಲ್ ಮಾಡುವಾಗ ‘ಇಷ್ಟು ಹೊತ್ತು ಇದೊಂದೇ ಸಾಲೇಕೆ’ ಎಂದು ನಾವು ಕೇಳುವುದಿಲ್ಲವಷ್ಟೆ. ಇಲ್ಲಿಯೂ ಹಾಗೆ ಕೇಳಬೇಕಾಗಿಲ್ಲ. ವ್ಯತ್ಯಾಸವೆಂದರೆ, ನೆರವಲ್ ಗಾಯಕರ ಮನೋಧರ್ಮದಿಂದ ಆ ಕ್ಷಣಕ್ಕೆ ಹುಟ್ಟುತ್ತದೆ, ಆರಿಯಾದ ಬಹುಪಾಲು ಸ್ವರಗಳು ಸಂಯೋಜಕನ ಕೈಬರಹದಲ್ಲಿ ಮೊದಲೇ ನಿಗದಿಯಾಗಿರುತ್ತವೆ. ಮೂರನೆಯದು ಹಲವರು ಏಕಕಾಲಕ್ಕೆ ಬೇರೆ ಬೇರೆ ಮಾತುಗಳನ್ನು ಬೇರೆ ಬೇರೆ ಸ್ವರಗಳಲ್ಲಿ ಹಾಡುವ ಭಾಗ. ನಮ್ಮ ಕಿವಿ ಎಡವುವುದು ಇಲ್ಲಿಯೇ, ಮತ್ತು ನನ್ನ ಅನಿಸಿಕೆಯಲ್ಲಿ ಒಪೆರಾದ ನಿಜವಾದ ಸಂಪತ್ತು ಇರುವುದೂ ಇಲ್ಲಿಯೇ.

ಇದಕ್ಕೆ ಇಟಲಿಯ ಸಂಯೋಜಕ ವೆರ್ದಿಯ ‘ರಿಗೊಲೆತ್ತೊ’ಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. 1851ರ ಮಾರ್ಚ್ 11ರಂದು ವೆನಿಸ್ಸಿನ ಲಾ ಫೆನೀಚೆ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡ ಈ ಕೃತಿಯ ನಾಯಕ ಮಾಂಟುವಾ ದೊರೆಯ ಆಸ್ಥಾನದ ಗೂನುಬೆನ್ನಿನ ವಿದೂಷಕ. ಅವನ ಮಗಳು ಜಿಲ್ದಾಳನ್ನು ವಿಲಾಸಿಯಾದ ದೊರೆ ಕೆಡಿಸುತ್ತಾನೆ. ತಂದೆ ಸೇಡಿಗಾಗಿ ಬಾಡಿಗೆ ಕೊಲೆಗಾರನೊಬ್ಬನನ್ನು ಗೊತ್ತುಮಾಡುತ್ತಾನೆ. ಕೊನೆಯ ಅಂಕದಲ್ಲಿ ನದಿದಂಡೆಯ ಒಂದು ಹಾಳುಬಿದ್ದ ಹೋಟೆಲಿನೊಳಗೆ ದೊರೆಯು ಕೊಲೆಗಾರನ ತಂಗಿಯನ್ನು ಓಲೈಸುತ್ತಿರುತ್ತಾನೆ, ಅವಳು ನಕ್ಕು ಮಾತು ತೇಲಿಸುತ್ತಿರುತ್ತಾಳೆ; ಹೊರಗೆ ಗೋಡೆಯ ಬಿರುಕಿನಲ್ಲಿ ಅದನ್ನು ನೋಡುತ್ತ ಜಿಲ್ದಾ ಒಡೆದುಹೋಗುತ್ತಾಳೆ, ಪಕ್ಕದಲ್ಲಿ ನಿಂತ ತಂದೆ ಹಲ್ಲುಕಚ್ಚಿ ಸೇಡಿನ ಮಾತಾಡುತ್ತಾನೆ. ನಾಲ್ವರೂ ಒಟ್ಟಿಗೆ ಹಾಡುತ್ತಾರೆ. ಮಾತಿನ ನಾಟಕದಲ್ಲಿ ನಾಲ್ವರು ಒಮ್ಮೆಗೇ ಮಾತಾಡಿದರೆ ಗದ್ದಲವಾಗುತ್ತದೆ. ಇಲ್ಲಿ ದೊರೆಯ ಉದ್ದನೆಯ ಜಾರುವ ಸ್ವರಗಳು, ಹುಡುಗಿಯ ಚಿಟಿಕೆಯಂಥ ಸಣ್ಣ ನಗೆಯ ಸ್ವರಗಳು, ಜಿಲ್ದಾಳ ಬಿಕ್ಕುವ ಎಳೆ, ತಂದೆಯ ತಗ್ಗಿನ ಗುಡುಗು ಪ್ರತಿಯೊಂದೂ ಬಿಡಿಬಿಡಿಯಾಗಿ ಕೇಳುತ್ತ ಒಂದೇ ಸಂಗೀತವಾಗುತ್ತವೆ. ಮೊದಲ ಸಲ ಕೇಳುವವರು ನಾಲ್ಕನ್ನೂ ಹಿಡಿಯಲು ಹೋಗದೆ ಜಿಲ್ದಾಳ ದನಿಯೊಂದನ್ನೇ ಹಿಂಬಾಲಿಸಬೇಕು. ಮುಂದಿನ ಸಲ ತಂದೆಯ ದನಿಯನ್ನು. ಶ್ರುತಿ ಹಿಡಿದು ಒಂದೇ ರಾಗದ ಎಳೆಯಲ್ಲಿ ಸಾಗಲು ಕಲಿತ ಕಿವಿ ಹೀಗೆ ಒಂದೊಂದೇ ಎಳೆಯಿಂದ ಇಡೀ ನೇಯ್ಗೆಗೆ ಬರುತ್ತದೆ.

ಅದಾದ ಮೇಲೆ ಬಿರುಗಾಳಿ ಏಳುತ್ತದೆ, ಮತ್ತು ಆ ಗಾಳಿಯ ನರಳಿಕೆಯನ್ನು ತೆರೆಯ ಮರೆಯಲ್ಲಿ ನಿಂತ ಗಂಡಸರ ಮೇಳ ಬಾಯಿ ಮುಚ್ಚಿಕೊಂಡು ಗುನುಗುವ ದನಿಯಿಂದಲೇ ವೆರ್ದಿ ತರುತ್ತಾನೆ. ದೊರೆಯನ್ನು ಉಳಿಸಲು ಜಿಲ್ದಾ ತಾನೇ ಗಂಡು ವೇಷದಲ್ಲಿ ಬಾಗಿಲು ತಟ್ಟಿ ಚೂರಿಗೆ ಎದೆಯೊಡ್ಡುತ್ತಾಳೆ. ನಡುರಾತ್ರಿ ಶವದ ಮೂಟೆ ತಂದೆಯ ಕೈಸೇರುತ್ತದೆ. ಅದರೊಳಗಿರುವುದು ದೊರೆಯೆಂದೇ ನಂಬಿ ಅವನು ಅದನ್ನು ನದಿಗೆ ಎಳೆಯುತ್ತಿರುವಾಗ, ದೂರದಲ್ಲಿ ಯಾರೋ ಹಾಡಿಕೊಂಡು ಹೋಗುವುದು ಕೇಳುತ್ತದೆ. ಹೆಣ್ಣಿನ ಮನಸ್ಸು ಚಂಚಲವೆಂದು ಹೇಳುವ, ಈ ಅಂಕದ ಆರಂಭದಲ್ಲಿ ದೊರೆ ಹಗುರವಾಗಿ ಹಾಡಿದ್ದ, ಇಟಲಿಯ ಟ್ಯಾಕ್ಸಿಯವರೂ ಗುನುಗುವ ಅದೇ ಹಾಡು. ದೊರೆ ಬದುಕಿದ್ದಾನೆ. ಹಾಗಾದರೆ ಮೂಟೆಯಲ್ಲಿ ಯಾರು? ಈ ಪ್ರಶ್ನೆಯನ್ನು ಯಾವ ಪಾತ್ರವೂ ಮೊದಲು ಬಾಯಿಬಿಟ್ಟು ಕೇಳುವುದಿಲ್ಲ, ಒಂದು ಧಾಟಿ ಕೇಳುತ್ತದೆ. ಜಾಹೀರಾತುಗಳಲ್ಲಿ ಸವೆದುಹೋದ ಆ ಹಾಡನ್ನು ಅದು ಇರಬೇಕಾದ ಜಾಗದಲ್ಲಿ, ಕತ್ತಲ ರಂಗದ ಆಚೆಯಿಂದ ತೇಲಿಬರುವಂತೆ ಕೇಳಿದಾಗ ಮೈ ತಣ್ಣಗಾಗುತ್ತದೆ. ಕಥೆ ಗೊತ್ತಿದ್ದವರಿಗೆ ಅದು ಇನ್ನೂ ಹೆಚ್ಚು, ಏಕೆಂದರೆ ಅವರು ಆ ಹಾಡಿಗಾಗಿ ಉಸಿರು ಹಿಡಿದು ಕಾಯುತ್ತಿರುತ್ತಾರೆ.

ಇಷ್ಟೆಲ್ಲವೂ ಮೈಕಿಲ್ಲದೆ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಅರವತ್ತು ಎಪ್ಪತ್ತು ವಾದ್ಯಗಳ ಮೇಲೆ ಒಬ್ಬ ಮನುಷ್ಯನ ಗಂಟಲು ಎರಡು ಸಾವಿರ ಜನರಿಗೆ ಕೇಳುವುದು ಕೇವಲ ಕೂಗಿನ ಬಲದಿಂದ ಅಲ್ಲ. ವಾದ್ಯವೃಂದದ ನಾದದ ಹೆಚ್ಚಿನ ಶಕ್ತಿ ಸುಮಾರು 500 ಹರ್ಟ್ಸ್, ಅಂದರೆ ಸೆಕೆಂಡಿಗೆ 500 ಕಂಪನಗಳ, ಆಸುಪಾಸಿನಲ್ಲಿ ಕೂಡಿಕೊಂಡಿದ್ದು, ಅಲ್ಲಿಂದ ಮೇಲಕ್ಕೆ ಕ್ರಮೇಣ ಇಳಿಯುತ್ತದೆ. ತರಬೇತಾದ ಗಾಯಕರು, ವಿಶೇಷವಾಗಿ ಪುರುಷ ಗಾಯಕರು, ಗಂಟಲ ಕೆಳಭಾಗವನ್ನು ಅಗಲಿಸಿ, ಧ್ವನಿಪೆಟ್ಟಿಗೆಯನ್ನು ತಗ್ಗಿಸಿ ಹಾಡುವುದರಿಂದ ಅವರ ಧ್ವನಿಯಲ್ಲಿ ಸುಮಾರು 3000 ಹರ್ಟ್ಸ್ ಬಳಿ ಒಂದು ವಿಶೇಷ ಕಾಂತಿ ಮೂಡುತ್ತದೆ. ವಾದ್ಯಗಳ ನಾದ ತೆಳುವಾಗಿರುವ ಆ ಜಾಗದಲ್ಲಿ ನಮ್ಮ ಕಿವಿ ಮಾತ್ರ ಬಹಳ ಚುರುಕಾಗಿರುತ್ತದೆ. ಅತಿ ಎತ್ತರದ ಹೆಣ್ಣು ಕಂಠದ ಸೊಪ್ರಾನೊಗಳು ತಾರಸ್ಥಾಯಿಯಲ್ಲಿ ಬಾಯ ಆಕಾರವನ್ನೇ ಬದಲಿಸಿ ಈ ಕೆಲಸವನ್ನು ಬೇರೆ ರೀತಿಯಲ್ಲಿ ಸಾಧಿಸುತ್ತಾರೆ. ಎತ್ತರದ ಸ್ವರಗಳಲ್ಲಿ ಅವರ ಪದಗಳು ಅಸ್ಪಷ್ಟವಾಗುವುದಕ್ಕೆ ಇದೂ ಒಂದು ಕಾರಣ. ಎಲ್ಲ ಧ್ವನಿಗಳಲ್ಲೂ ಕೇಳುವ ಕಂಪನ ಮೊದಮೊದಲು ನಮಗೆ ಸ್ವರ ಅಲುಗಿದಂತೆ ತೋರುತ್ತದೆ. ನಮ್ಮ ಗಮಕದಂತೆ ಅದು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲ, ಒಂದೇ ಸ್ವರದ ಸುತ್ತಲಿನ ಮಿನುಗು ಎಂದು ತಿಳಿದು ಕೇಳಿದರೆ ಎರಡು ಮೂರು ಪ್ರದರ್ಶನಗಳೊಳಗೆ ಆ ಅಡ್ಡಿ ತಾನಾಗಿ ಕರಗುತ್ತದೆ.

ಭಾಷೆಯ ವಿಷಯ. ಇಟಾಲಿಯನ್ ಕಲಿಯುತ್ತಿರುವವರು ಒಪೆರಾ ಅರ್ಥವಾಗಲಿಲ್ಲವೆಂದು ಎದೆಗುಂದಬಾರದು, ಏಕೆಂದರೆ ತರಕಾರಿ ಅಂಗಡಿಯ ಇಟಾಲಿಯನ್ ಬೇರೆ, ಒಪೆರಾದ ಇಟಾಲಿಯನ್ ಬೇರೆ. ಹೃದಯಕ್ಕೆ ಇಂದು ಎಲ್ಲರೂ ‘ಕ್ವೋರೆ’ ಎಂದರೆ ಒಪೆರಾದಲ್ಲಿ ‘ಕೋರೆ’, ಆತ್ಮಕ್ಕೆ ‘ಆನಿಮಾ’ ಎನ್ನುವ ಬದಲು ‘ಆಲ್ಮಾ’, ಭರವಸೆಗೆ ‘ಸ್ಪೆರಾನ್ಸಾ’ ಬದಲು ‘ಸ್ಪೇಮೆ’. ನಡುಗನ್ನಡದ ಕಾವ್ಯ ಇಂದಿನ ಕನ್ನಡಿಗನಿಗೆ ಎಷ್ಟು ದೂರವೋ ಹತ್ತಿರವೋ, ಸರಿಸುಮಾರು ಅಷ್ಟೇ ಅಂತರ ಅಲ್ಲಿಯೂ ಇದೆ. ಇಟಲಿಯವರೂ ರಂಗದ ಮೇಲ್ಭಾಗದಲ್ಲಿ ಮೂಡುವ ಸಾಲುಗಳನ್ನು ಓದುತ್ತಲೇ ಕೇಳುತ್ತಾರೆ. ದೊಡ್ಡ ಮಂದಿರಗಳಲ್ಲಿ ಇಂಗ್ಲಿಷ್ ಅನುವಾದವೂ ಇರುತ್ತದೆ. ಲಾ ಸ್ಕಾಲಾದಲ್ಲಿ ಆಸನದ ಮುಂದಿರುವ ಪುಟ್ಟ ತೆರೆಯಲ್ಲಿ ಭಾಷೆಯನ್ನು ಆರಿಸಿಕೊಳ್ಳಬಹುದು. ಆದರೂ ಹಿಂದಿನ ದಿನ ಲಿಬ್ರೆತ್ತೊ, ಅಂದರೆ ಹಾಡುಗಳ ಪಠ್ಯವನ್ನು, ಅನುವಾದದೊಂದಿಗೆ ಮನೆಯಲ್ಲಿ ಒಮ್ಮೆ ಓದಿ ಹೋಗುವುದೇ ಉತ್ತಮ. ಸಂಜೆಯಿಡೀ ಓದುತ್ತ ಕುಳಿತರೆ ರಂಗವನ್ನು ನೋಡುವುದು ಯಾವಾಗ?

ಇನ್ನು ಹಣ. 1778ರ ಆಗಸ್ಟ್ 3ರಂದು ಬಾಗಿಲು ತೆರೆದ ಲಾ ಸ್ಕಾಲಾದ ಹಂಗಾಮು ಪ್ರತಿವರ್ಷ ಡಿಸೆಂಬರ್ 7ರಂದು, ಮಿಲಾನಿನ ಪಾಲಕ ಸಂತ ಆಂಬ್ರೋಸರ ಹಬ್ಬದ ದಿನ, ಆರಂಭವಾಗುತ್ತದೆ. ಆ ರಾತ್ರಿಯ ಒಳ್ಳೆಯ ಆಸನಗಳಿಗೆ ಸಾವಿರಾರು ಯೂರೋ ಬೆಲೆ. ಟಿವಿಯಲ್ಲಿ ಬರುವ ವಜ್ರದ ಹಾರಗಳ ದೃಶ್ಯ ಆ ಒಂದು ರಾತ್ರಿಯದು. ಅದನ್ನೇ ನೋಡಿ ಇಡೀ ಒಪೆರಾ ಲೋಕವನ್ನು ಅಳೆಯುವುದು, ಒಂದು ಸಿರಿವಂತ ಮದುವೆಯನ್ನು ನೋಡಿ ಊರಿನ ಊಟವನ್ನೆಲ್ಲ ಅಳೆದಂತೆ. ಅದಕ್ಕೆ ಕೆಲದಿನ ಮುಂಚೆ ಮೂವತ್ತು ವರ್ಷದೊಳಗಿನವರಿಗಾಗಿಯೇ ಅದೇ ಕೃತಿಯ ಪೂರ್ವಪ್ರದರ್ಶನ ಕಡಿಮೆ ದರದಲ್ಲಿ ನಡೆಯುತ್ತದೆ, ಮತ್ತು ಇಟಲಿಯ ಬಹುತೇಕ ಮಂದಿರಗಳಲ್ಲಿ ಯುವಕರಿಗೆ ಪ್ರತ್ಯೇಕ ರಿಯಾಯಿತಿ ಇರುತ್ತದೆ. ನೆಲಮಟ್ಟದ ಆಸನಗಳಿಗೆ ಪ್ಲಾತೇಯಾ, ಗೋಡೆಗುಂಟ ಜೇನುಗೂಡಿನಂತೆ ಸುತ್ತುವರಿದ ಪುಟ್ಟ ಕೋಣೆಗಳಿಗೆ ಪಾಲ್ಕಿ, ಛಾವಣಿಗೆ ತಾಗಿದಂತಿರುವ ಕೊನೆಯ ಅಂತಸ್ತಿಗೆ ಲೊಜ್ಜೋನೆ ಎಂದು ಹೆಸರು. ಪಾಲ್ಕಿಯ ಹಿಂದಿನ ಕುರ್ಚಿ ಅಗ್ಗವೆಂದು ಕೊಂಡರೆ ಅರ್ಧ ರಂಗವೂ ಕಾಣದೆ ಎರಡು ಗಂಟೆ ಕತ್ತು ಚಾಚಿ ನಿಲ್ಲಬೇಕಾಗುತ್ತದೆ. ನಾನು ಹಾಗೆ ನಿಂತವನೇ. ಟಿಕೆಟಿನ ಮೇಲೆ ನೋಟ ಸೀಮಿತವೆಂದು ಬರೆದಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಒಳಿತು. ಅಷ್ಟೇ ಹಣಕ್ಕೆ ಲೊಜ್ಜೋನೆಯ ನಡುಭಾಗದಲ್ಲಿ ಜಾಗ ಸಿಕ್ಕರೆ, ಧ್ವನಿ ಅಲ್ಲಿಗೆ ಅತ್ಯಂತ ತಿಳಿಯಾಗಿ ಏರಿಬರುತ್ತದೆ.

ಲೊಜ್ಜೋನೆಯಲ್ಲಿ ಕೂರುವ ರಸಿಕರು ಲಾ ಸ್ಕಾಲಾದಲ್ಲೂ ಪಾರ್ಮಾ ಊರಿನ ರೇಜೊ ಮಂದಿರದಲ್ಲೂ ತಮ್ಮ ನಿಷ್ಠುರತೆಗೆ ಹೆಸರಾದವರು. ಕೆಲವರು ಸ್ವರಲಿಪಿಯ ಪುಸ್ತಕವನ್ನು ಮಡಿಲಲ್ಲಿ ತೆರೆದಿಟ್ಟುಕೊಂಡೇ ಕೇಳುತ್ತಾರೆ. ಚೆನ್ನಾಗಿ ಹಾಡಿದ ಗಂಡಸಿಗೆ ‘ಬ್ರಾವೊ’, ಹೆಂಗಸಿಗೆ ‘ಬ್ರಾವಾ’, ಹಲವರಿಗೆ ‘ಬ್ರಾವಿ’ ಎಂದು ವ್ಯಾಕರಣ ತಪ್ಪದೆ ಕೂಗುತ್ತಾರೆ. ಹಿಡಿಸದಿದ್ದರೆ ಅಷ್ಟೇ ಜೋರಾಗಿ ಅಸಮ್ಮತಿ ತೋರುತ್ತಾರೆ. 2006ರ ಡಿಸೆಂಬರಿನಲ್ಲಿ ಲಾ ಸ್ಕಾಲಾದಲ್ಲಿ ವೆರ್ದಿಯ ‘ಆಯಿದಾ’ ಕೃತಿಯ ನಡುವೆ ಹೀಗೆ ಮೇಲಿನಿಂದ ಬಂದ ಕೂಗಿಗೆ ನೊಂದು ಪ್ರಸಿದ್ಧ ಟೆನರ್, ಅಂದರೆ ಎತ್ತರದ ಗಂಡು ಕಂಠದ, ಗಾಯಕರೊಬ್ಬರು ರಂಗ ಬಿಟ್ಟು ನಡೆದಾಗ, ಬದಲಿ ಗಾಯಕರು ವೇಷ ತೊಡಲೂ ಸಮಯವಿಲ್ಲದೆ ತೊಟ್ಟ ಉಡುಪಿನಲ್ಲೇ ಬಂದು ಪ್ರಾಚೀನ ಈಜಿಪ್ಟಿನ ಸೇನಾನಿಯಾಗಿ ಹಾಡನ್ನು ಮುಂದುವರಿಸಿದರು. ಗಾಯಕರಿಗೆ ಅದೆಷ್ಟು ಕಠಿಣವೆಂದು ನಾನು ಮರುಗುತ್ತೇನೆ. ಆದರೂ ಶತಮಾನದ ಹಿಂದಿನ ಕೃತಿಯೊಂದರ ಒಂದು ಸ್ವರಕ್ಕಾಗಿ ಜನ ಇಷ್ಟು ಕಾತರಿಸುವ ಊರಿನಲ್ಲಿ ಆ ಕಲೆ ವಸ್ತುಸಂಗ್ರಹಾಲಯದ ಸಾಮಾನಾಗಿಲ್ಲ ಎಂಬುದೂ ನಿಜ.

ಮೆಚ್ಚಿದ ಹಾಡನ್ನು ಮತ್ತೊಮ್ಮೆ ಹಾಡಿಸಲು ಅಲ್ಲಿ ‘ಬಿಸ್’ ಎಂದು ಕೂಗುತ್ತಾರೆ. ನಮ್ಮ ಕಂಪನಿ ನಾಟಕಗಳ ಕಾಲದಲ್ಲಿ ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡುತ್ತಿತ್ತೆಂದು ಹಿರಿಯರಿಂದ ಕೇಳಿದ್ದೇವೆ. ಅದೇ ಹಂಬಲ ಇದು. ನಾಟಕದ ಓಟ ಕೆಡುತ್ತದೆಂದು ವಾದ್ಯವೃಂದ ನಿರ್ದೇಶಕ ಆರ್ತೂರೊ ತೊಸ್ಕನೀನಿ ಇದನ್ನು ಕಟುವಾಗಿ ವಿರೋಧಿಸಿದರು, ಮತ್ತು ಲಾ ಸ್ಕಾಲಾದಲ್ಲಿ ದಶಕಗಳ ಕಾಲ ಬಿಸ್ ನಿಂತೇಹೋಗಿತ್ತು. 2007ರಲ್ಲಿ ಪೆರು ದೇಶದ ಟೆನರ್ ಹುವಾನ್ ದಿಯೇಗೊ ಫ್ಲೋರೆಸ್ ಒಂಬತ್ತು ತಾರಸ್ವರಗಳ ಒಂದು ಆರಿಯಾವನ್ನು ಎರಡನೆಯ ಬಾರಿ ಹಾಡಿ ಆ ಮೌನವನ್ನು ಮುರಿದರು. ಹೊಸಬರಿಗೆ ಒಂದೇ ಸಲಹೆ: ಸಂಗೀತ ನಿಂತಿತೋ ಮುಂದುವರಿಯುತ್ತದೆಯೋ ತಿಳಿಯದಿದ್ದಾಗ ಸುತ್ತಲಿನವರ ಕೈ ನೋಡಿ ಚಪ್ಪಾಳೆ ತಟ್ಟಬೇಕು. ಉಡುಪಿಗೆ ಕಡ್ಡಾಯದ ನಿಯಮ ಕಡಿಮೆ. ಚಡ್ಡಿ, ತೋಳಿಲ್ಲದ ಬನಿಯನ್ ಸಲ್ಲದು, ಸೀರೆಯಂತೂ ಆ ಅಮೃತಶಿಲೆಯ ಮೊಗಸಾಲೆಗೆ ಬಹಳ ಒಪ್ಪುತ್ತದೆ. ನೇರಳೆ ಬಣ್ಣದ ಸೀರೆಯನ್ನು ಮಾತ್ರ ಮನೆಯಲ್ಲಿಟ್ಟರೆ ಚೆನ್ನ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತಕಾಲದಲ್ಲಿ ಪಾದ್ರಿಗಳು ತೊಡುವ ಬಣ್ಣ ಅದು. ಹಿಂದೆ ಆ ದಿನಗಳಲ್ಲಿ ರಂಗಪ್ರದರ್ಶನಗಳಿಗೆ ನಿಷೇಧವಿದ್ದು ಕಲಾವಿದರು ಹಸಿದಿರುತ್ತಿದ್ದರಂತೆ. ಇಟಲಿಯ ರಂಗದವರು ಇಂದಿಗೂ ಆ ಬಣ್ಣವನ್ನು ಅಪಶಕುನವೆನ್ನುತ್ತಾರೆ.

ಬೇಸಿಗೆಯಲ್ಲಿ ಬಯಲಾಟವೂ ಉಂಟು. ವೆರೋನಾದ ರೋಮನ್ ಕಾಲದ ಕಲ್ಲಿನ ಬಯಲುರಂಗದಲ್ಲಿ 1913ರ ಆಗಸ್ಟ್ 10ರಂದು, ವೆರ್ದಿಯ ಜನ್ಮಶತಮಾನೋತ್ಸವದ ವರ್ಷ, ‘ಆಯಿದಾ’ ಆಡಿದಂದಿನಿಂದ ಅಲ್ಲಿ ಒಪೆರಾ ಪರಂಪರೆ ಬೆಳೆದಿದೆ. ಅತ್ಯಂತ ಅಗ್ಗದ ಟಿಕೆಟ್ಟಿನವರು ಕೂರುವುದು ಹಗಲಿಡೀ ಕಾದ ಕಲ್ಲಿನ ಮೆಟ್ಟಿಲುಗಳ ಮೇಲೆ. ರಾತ್ರಿ ಒಂಬತ್ತಾದರೂ ಆ ಬಿಸಿ ದಿಂಬಿನ ಮೂಲಕ ಮೈಗೆ ತಾಗುತ್ತಿರುತ್ತದೆ. ಕತ್ತಲಾಗುತ್ತಿದ್ದಂತೆ ಜನ ಪುಟ್ಟ ಮೇಣದ ಬತ್ತಿಗಳನ್ನು ಹಚ್ಚುವುದು ಅಲ್ಲಿನ ರೂಢಿ. ಧ್ವನಿಯ ಸೂಕ್ಷ್ಮಗಳು ಬಯಲಿನಲ್ಲಿ ಚದುರಿಹೋಗುತ್ತವೆ, ಹಾಗಾಗಿ ಮೊದಲ ಅನುಭವಕ್ಕೆ ನಾನು ಮುಚ್ಚಿದ ಮಂದಿರವನ್ನೇ ಸೂಚಿಸುವೆ. ಆದರೆ ಮಕ್ಕಳೊಂದಿಗೆ ಹೋಗುವವರಿಗೆ ವೆರೋನಾಕ್ಕೆ ಸಮನಾದದ್ದಿಲ್ಲ. ಊರೂರಿನ ಸಣ್ಣ ಮಂದಿರಗಳನ್ನೂ ಕಡೆಗಣಿಸಬಾರದು. ಮೊದೆನಾ, ಪಿಯಾಚೆನ್ಸಾ, ಲುಕ್ಕಾ, ಕ್ರೆಮೋನಾಗಳಲ್ಲಿ ಭಾನುವಾರ ಮಧ್ಯಾಹ್ನದ ಪ್ರದರ್ಶನಕ್ಕೆ ಹೋದರೆ, ಪಕ್ಕದಲ್ಲಿ ಕುಳಿತ ಅಜ್ಜಿ ಎರಡನೆಯ ಅಂಕದ ಆರಿಯಾವನ್ನು ತುಟಿಯಲ್ಲೇ ಹೇಳಿಕೊಳ್ಳುವುದನ್ನು ಕಾಣಬಹುದು. ಇಟಲಿಯ ಒಪೆರಾ ಗಾಯನ ಪದ್ಧತಿಯನ್ನು ಯುನೆಸ್ಕೊ 2023ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮಾತಿನ ಅರ್ಥ ಇಂಥ ಅಜ್ಜಿಯರ ಪಕ್ಕದಲ್ಲಿ ಕುಳಿತಾಗ ತಿಳಿಯುತ್ತದೆ.

ಮಾತಿಲ್ಲದೆ ಕುಣಿತದಲ್ಲೇ ಕಥೆ ಹೇಳುವ ಬ್ಯಾಲೆಯ ಕಥೆ ಬೇರೆ ಹಾದಿಯದು. ಅದರ ಬೇರೂ ಇಟಲಿಯ ಆಸ್ಥಾನಗಳ ಕುಣಿತದಲ್ಲಿಯೇ ಇದೆ. ಕ್ಯಾಥರೀನ್ ದೆ ಮೆದಿಚಿ ಫ್ರಾನ್ಸಿನ ರಾಣಿಯಾದ ಮೇಲೆ ಆ ಅಭಿರುಚಿ ಪ್ಯಾರಿಸ್ಸಿನಲ್ಲಿ ಬೆಳೆಯಿತು, 1661ರಲ್ಲಿ ಹದಿನಾಲ್ಕನೆಯ ಲೂಯಿ ನೃತ್ಯಕ್ಕೊಂದು ರಾಜ ಅಕಾಡೆಮಿಯನ್ನೇ ಸ್ಥಾಪಿಸಿದನು. ಒಪೆರಾದ ಪಾರಿಭಾಷಿಕ ಪದಗಳು ಬಹುಪಾಲು ಇಟಾಲಿಯನ್ ಆಗಿದ್ದರೆ ಬ್ಯಾಲೆಯವು ಫ್ರೆಂಚ್ ಆಗಿರುವುದಕ್ಕೆ ಇದೇ ಕಾರಣ. ಆದರೂ ಇಟಲಿ ಕಾಣಿಕೆ ನಿಲ್ಲಿಸಲಿಲ್ಲ. 1813ರಲ್ಲಿ ಆರಂಭವಾದ ಲಾ ಸ್ಕಾಲಾದ ನೃತ್ಯಶಾಲೆಯಲ್ಲಿ ಕಾರ್ಲೊ ಬ್ಲಾಸಿಸ್ ರೂಪಿಸಿದ ಶಿಸ್ತು ಯುರೋಪಿನಾದ್ಯಂತ ಹಬ್ಬಿತು. ರಷ್ಯಾದ ನರ್ತಕರು ಇಟಲಿಯ ಎನ್ರಿಕೊ ಚೆಕ್ಕೆತ್ತಿಯವರ ಬಳಿ ಕಲಿತರು. ಒಂದೇ ಕಾಲಿನ ಮೇಲೆ ನಿಂತು ಮೂವತ್ತೆರಡು ಸಲ ಗಿರಕಿ ಹೊಡೆಯುವ ಸಾಹಸವನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ತೋರಿಸಿದವರು ಮಿಲಾನಿನಲ್ಲಿ ತಯಾರಾದ ಪಿಯೆರೀನಾ ಲೆನ್ಯಾನಿ. ಆ ಶಾಲೆಯಿಂದಲೇ, ಮಿಲಾನಿನ ಟ್ರಾಮ್ ಚಾಲಕರೊಬ್ಬರ ಮಗಳಾಗಿ, ಪ್ರಸಿದ್ಧ ಬ್ಯಾಲೆ ನರ್ತಕಿ ಕಾರ್ಲಾ ಫ್ರಾಚ್ಚಿ ಬಂದರು. ಇಂದು ಇಟಲಿಯ ಸರ್ಕಾರಿ ನೆರವಿನ ದೊಡ್ಡ ಒಪೆರಾ ಪ್ರತಿಷ್ಠಾನಗಳಲ್ಲಿ ಮಿಲಾನ್, ರೋಮ್, ನೇಪಲ್ಸ್, ಪಲೆರ್ಮೊ ಈ ನಾಲ್ಕು ಕಡೆ ಮಾತ್ರ ಖಾಯಂ ಬ್ಯಾಲೆ ತಂಡ ಉಳಿದಿರುವುದು ನೋವಿನ ಸಂಗತಿ. ವೆರೋನಾ, ಫ್ಲಾರೆನ್ಸ್‌ಗಳ ತಂಡಗಳು ಖರ್ಚಿನ ನೆಪದಲ್ಲಿ ಮುಚ್ಚಿಹೋದವು.

ಭರತನಾಟ್ಯ ಕಂಡ ಕಣ್ಣಿಗೆ ಬ್ಯಾಲೆ ತಲೆಕೆಳಗಾದ ಲೋಕದಂತೆ ತೋರಬಹುದು. ನಮ್ಮಲ್ಲಿ ಅರೆಮಂಡಿಯಲ್ಲಿ ಕುಳಿತು ಭೂಮಿಯನ್ನು ಪಾದದಿಂದ ನುಡಿಸುತ್ತೇವೆ. ಅಲ್ಲಿ ಭೂಮಿಯನ್ನು ಬಿಟ್ಟು ಹೋಗುವುದೇ ಗುರಿ, ಪಾದದ ಸದ್ದು ಕೇಳಿದರೆ ಅದು ಕೊರತೆ. ತುದಿಗಾಲಿನ ಆ ಸ್ಯಾಟಿನ್ ಪಾದರಕ್ಷೆಯೊಳಗೆ ಮರವಿಲ್ಲ, ಪದರ ಪದರವಾಗಿ ಅಂಟು ಹಾಕಿ ಗಟ್ಟಿಗೊಳಿಸಿದ ಬಟ್ಟೆಯಿದೆ. ಪಟ್ಟಿಗಳನ್ನು ನರ್ತಕಿಯರು ಸಾಮಾನ್ಯವಾಗಿ ತಾವೇ ಹೊಲಿದುಕೊಳ್ಳುತ್ತಾರೆ, ಮತ್ತು ಕಠಿಣ ಪಾತ್ರವೊಂದಕ್ಕೆ ಒಂದು ಜೊತೆ ಒಂದೇ ರಾತ್ರಿಯಲ್ಲಿ ಸವೆದುಹೋಗುವುದೂ ಉಂಟು. ಭಾರತದ ದೇಗುಲ ನರ್ತಕಿಯ ಕಥೆಯೆಂದು ‘ಲಾ ಬಯದೇರ್’ ನೋಡಲು ಹೋಗುವ ನಮ್ಮವರಿಗೆ ಒಂದು ಮಾತು ಹೇಳಬೇಕು: 1877ರಲ್ಲಿ ರಷ್ಯಾದಲ್ಲಿ ಹುಟ್ಟಿದ ಆ ಕೃತಿಯಲ್ಲಿ ನಮ್ಮ ಭಾರತವಿಲ್ಲ. ಆದರೆ ಬಿಳಿಯುಡುಗೆಯ ನರ್ತಕಿಯರು ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ, ಒಂದೇ ಭಂಗಿಯನ್ನು ಮತ್ತೆ ಮತ್ತೆ ಮಾಡುತ್ತ ಇಳಿದುಬರುವ ಅದರ ನೆರಳುಗಳ ದೃಶ್ಯಕ್ಕಾಗಿ ಉಳಿದದ್ದನ್ನೆಲ್ಲ ನಾನು ಕ್ಷಮಿಸುತ್ತೇನೆ.

ಮೊದಲ ಬ್ಯಾಲೆಗೆ ಫ್ರಾಚ್ಚಿಯವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ‘ಜಿಸೆಲ್’ ಒಳ್ಳೆಯದು. 1841ರಲ್ಲಿ ಪ್ಯಾರಿಸ್ಸಿನಲ್ಲಿ ಈ ಪಾತ್ರವನ್ನು ಮೊದಲು ಮಾಡಿದವರೂ ಇಟಲಿ ಮೂಲದ ಕಾರ್ಲೊತ್ತಾ ಗ್ರೀಸಿ. ಇದರಲ್ಲಿ ಕುಣಿತದ ನಡುವೆ ಹಸ್ತಾಭಿನಯವಿದ್ದು, ಅದರ ನುಡಿಗಟ್ಟು ಬಹಳ ಚಿಕ್ಕದು: ತಲೆಯ ಮೇಲೆ ಎರಡು ಕೈಗಳನ್ನು ಒಂದರ ಸುತ್ತ ಒಂದು ಸುತ್ತಿಸಿದರೆ ನೃತ್ಯ, ಉಂಗುರದ ಬೆರಳನ್ನು ತೋರಿಸಿದರೆ ಮದುವೆ, ಎರಡು ಬೆರಳೆತ್ತಿದರೆ ಆಣೆ, ಮುಷ್ಟಿ ಬಿಗಿದು ಮಣಿಕಟ್ಟುಗಳನ್ನು ಅಡ್ಡಡ್ಡ ಇಟ್ಟು ಕೆಳಗಿಳಿಸಿದರೆ ಸಾವು. ಕಪಟವೇಷದಲ್ಲಿ ಬಂದ ರಾಜಕುಮಾರ ಎರಡು ಬೆರಳೆತ್ತಿ ಹಳ್ಳಿಯ ಹುಡುಗಿಗೆ ಆಣೆಯಿಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಅವಳ ತಾಯಿ ಮನೆಯಿಂದ ಹೊರಬಂದು, ಕುಣಿದು ದಣಿಯುವ ಮಗಳನ್ನು ತಡೆದು, ಮದುವೆಗೆ ಮುನ್ನ ಸತ್ತ ಕನ್ಯೆಯರು ರಾತ್ರಿ ಕಾಡಿನಲ್ಲಿ ಎದ್ದು ಸಿಕ್ಕ ಗಂಡಸರನ್ನು ಕುಣಿಸಿ ಕೊಲ್ಲುವರೆಂಬ ಕಥೆ ಹೇಳುತ್ತಾಳೆ. ಈ ಭಾಗವನ್ನು ಪೂರ್ತಿಯಾಗಿ ಉಳಿಸಿಕೊಂಡಿರುವ ಪ್ರಯೋಗಗಳಲ್ಲಿ ಊರ ಹುಡುಗಿಯರು ಸುತ್ತ ನಿಂತು ನಗುತ್ತಿರುತ್ತಾರೆ, ವಾದ್ಯಗಳು ಮಾತ್ರ ತಣ್ಣಗಾಗುತ್ತವೆ. ತಾಯಿಯ ಕೈಗಳು ತಲೆಯ ಮೇಲೆ ಒಂದರ ಸುತ್ತ ಒಂದು ಸುತ್ತಿ, ಮುಷ್ಟಿಯಾಗಿ, ಮಣಿಕಟ್ಟಿನಲ್ಲಿ ಕೂಡಿ, ನಿಧಾನವಾಗಿ ಮಗಳ ಮುಂದೆ ಇಳಿಯುತ್ತವೆ. ಜಿಸೆಲ್ ತಲೆಯಾಡಿಸಿ, ನಕ್ಕು, ಮತ್ತೆ ಕುಣಿಯಲು ಓಡುತ್ತಾಳೆ.